ಟರ್ಮಿನಲ್ ಬೋರ್ಡಿನಲ್ಲಿರುವ ಪೊಲೀಸ್

ಎಂಎಸ್ ಮಾಡೋಕೆ ಅಂತ ಲಾಸ್ ಏಂಜಲಿಸ್‌ಗೆ ಹಾರುವ ನಮ್ಮ ಸೀನಿಯರ್‌ಗಳು ಸಾಮಾನ್ಯವಾಗಿ ಇಳಿಯುವುದು ಟಾಮ್ ಬ್ರಾಡ್ಲಿ ಇಂಟರ್‌ನ್ಯಾಷನಲ್ ಟರ್ಮಿನಲ್‌ನಲ್ಲಿ. ಈ ಬ್ರಾಡ್ಲಿ ಯಾರೋ ಪೈಲಟ್ ಇರಬೇಕು ಅಂದ್ಕೊಂಡಿದ್ವಿ ನಾವು. ಆಮೇಲೆ ಓದಿದಾಗ ಗೊತ್ತಾಯ್ತು, ಅವರು ಅದೇ ಊರಲ್ಲಿ 21 ವರ್ಷ ಪೊಲೀಸ್ ಆಗಿದ್ದವರು, ನಂತರ 20 ವರ್ಷ ಮೇಯರ್ ಆಗಿದ್ದವರು.

ಬ್ರಾಡ್ಲಿ ಹುಟ್ಟಿದ್ದು 1917ರ ಡಿಸೆಂಬರ್ 29ರಂದು, ಟೆಕ್ಸಾಸ್‌ನ ಕ್ಯಾಲ್ವರ್ಟ್‌ನಲ್ಲಿ. ಅಜ್ಜ ಗುಲಾಮರಾಗಿದ್ದವರು. ಅಪ್ಪ ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಹತ್ತಿ ಬಿಡಿಸುವ ಬದುಕು ಬಿಟ್ಟು ಕುಟುಂಬ ಲಾಸ್ ಏಂಜಲಿಸ್‌ಗೆ ಬಂತು. ಅಲ್ಲಿ ಅಮ್ಮ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಹುಡುಗ ಒಳ್ಳೇ ಓಟಗಾರ. ಓಟದಿಂದಲೇ ಸ್ಕಾಲರ್‌ಶಿಪ್ ಸಿಕ್ಕಿ ಯುಸಿಎಲ್‌ಎ ಸೇರಿದರು. ಆದರೆ 1940ರಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟು ಪೊಲೀಸ್ ಕೆಲಸ ಹಿಡಿದರು.

ಆಗ ಆ ಇಲಾಖೆಯಲ್ಲಿ ಕಪ್ಪು ಪೊಲೀಸರನ್ನು ಬಿಳಿಯರ ಜೊತೆ ಒಂದೇ ಗಸ್ತು ಕಾರಲ್ಲಿ ಕೂರಿಸುತ್ತಿರಲಿಲ್ಲ. ಬ್ರಾಡ್ಲಿ ಲೆಫ್ಟಿನೆಂಟ್ ಆದರು. ಅದಕ್ಕಿಂತ ಮೇಲೆ ಬಿಡಲ್ಲ ಅಂತ ಅರ್ಥವಾಯ್ತು. ಡ್ಯೂಟಿ ಮುಗಿಸಿ ರಾತ್ರಿ ಕ್ಲಾಸಿಗೆ ಹೋಗಿ ಕಾನೂನು ಓದಿದರು. 1961ರಲ್ಲಿ ಕೆಲಸ ಬಿಟ್ಟು ವಕೀಲರಾದರು. 1963ರಲ್ಲಿ ನಗರ ಕೌನ್ಸಿಲ್‌ಗೆ ನಿಂತು ಗೆದ್ದರು. 1965ರ ವಾಟ್ಸ್ ಗಲಭೆಯ ಹೊತ್ತಲ್ಲಿ ತಮ್ಮ ಹಳೇ ಇಲಾಖೆಯ ನಡವಳಿಕೆಯನ್ನೇ ಪ್ರಶ್ನಿಸಿದರು.

1969ರಲ್ಲಿ ಮೇಯರ್ ಚುನಾವಣೆಗೆ ನಿಂತಾಗ ಮೊದಲ ಸುತ್ತಿನಲ್ಲಿ ಅವರೇ ಮುಂದಿದ್ದರು. ಎರಡನೇ ಸುತ್ತಿಗೆ ಎದುರಾಳಿ ಸ್ಯಾಮ್ ಯಾರ್ಟಿ ಜನರಲ್ಲಿ ಭಯ ಹುಟ್ಟಿಸಿದರು. ಈತ ಉಗ್ರರ ಕಡೆಯವನು, ಪೊಲೀಸರ ವಿರೋಧಿ ಅಂತ ಪ್ರಚಾರ ನಡೆಯಿತು. 21 ವರ್ಷ ಖಾಕಿ ಹಾಕಿದ್ದ ಮನುಷ್ಯನ ಬಗ್ಗೆ! (ಅಲ್ಲಿ ಖಾಕಿ ಅಲ್ಲ, ಕಡುನೀಲಿ. ಇರಲಿ.) ಬ್ರಾಡ್ಲಿ ಸೋತರು. 1973ರಲ್ಲಿ ಅದೇ ಯಾರ್ಟಿ ವಿರುದ್ಧ ಮತ್ತೆ ನಿಂತು ಗೆದ್ದು, ಆ ಊರಿನ ಮೊದಲ ಕಪ್ಪು ಮೇಯರ್ ಆದರು. ಒಟ್ಟು ಐದು ಸಲ ಗೆದ್ದರು.

1984ರ ಒಲಿಂಪಿಕ್ಸ್ ಅವರ ಕಾಲದಲ್ಲೇ ನಡೆದು 20 ಕೋಟಿ ಡಾಲರಿಗೂ ಹೆಚ್ಚು ಲಾಭ ತಂತು. ಊರಿಗೆ ಮೆಟ್ರೋ ರೈಲು ಬಂದದ್ದೂ ಆಗಲೇ. ಆದರೆ 1982ರಲ್ಲಿ ರಾಜ್ಯದ ಗವರ್ನರ್ ಸ್ಥಾನಕ್ಕೆ ನಿಂತಾಗ, ಸಮೀಕ್ಷೆಗಳೆಲ್ಲ ಗೆಲ್ಲುತ್ತಾರೆ ಅಂದಿದ್ದರೂ, ಒಂದು ಲಕ್ಷಕ್ಕಿಂತ ಕಡಿಮೆ ಮತಗಳಿಂದ ಸೋತರು. ಸಮೀಕ್ಷೆಯಲ್ಲಿ ಒಂದು ಹೇಳಿ ಮತಗಟ್ಟೆಯಲ್ಲಿ ಇನ್ನೊಂದು ಮಾಡುವುದಕ್ಕೆ ಬ್ರಾಡ್ಲಿ ಎಫೆಕ್ಟ್ ಅಂತಲೇ ಹೆಸರು ಬಂತು.

ನಮ್ಮನ್ನು ಹೆಚ್ಚು ಕಾಡಿದ್ದು ಕೊನೆಯ ಭಾಗ. ಅಲ್ಲಿನ ಪೊಲೀಸ್ ಮುಖ್ಯಸ್ಥರನ್ನು ತೆಗೆಯುವ ಅಧಿಕಾರ ಮೇಯರ್‌ಗೆ ಇರಲಿಲ್ಲ. 1991ರಲ್ಲಿ ಪೊಲೀಸರು ರಾಡ್ನಿ ಕಿಂಗ್‌ನನ್ನು ಹೊಡೆದದ್ದು ವಿಡಿಯೋದಲ್ಲಿ ಸಿಕ್ಕಿತು. ಮರುವರ್ಷ ಏಪ್ರಿಲ್‌ನಲ್ಲಿ ಆರೋಪಿ ಪೊಲೀಸರಿಗೆ ಶಿಕ್ಷೆಯಾಗದಾಗ ಊರು ಹೊತ್ತಿ ಉರಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಆ ಜೂನ್‌ನಲ್ಲಿ ಜನ ಮತ ಹಾಕಿ ಪೊಲೀಸ್ ಮುಖ್ಯಸ್ಥರ ಅವಧಿಗೆ ಮಿತಿ ತಂದರು. ಬ್ರಾಡ್ಲಿ 1993ರಲ್ಲಿ ಇಳಿದರು, 1998ರ ಸೆಪ್ಟೆಂಬರ್ 29ರಂದು ತೀರಿಕೊಂಡರು.

ಸಿಸ್ಟಮ್ ಒಳಗೆ ಕೂತವರಿಗೆ ಬಗ್ ಎಲ್ಲಿದೆ ಅಂತ ಗೊತ್ತಿರುತ್ತೆ, ಸರಿ ಮಾಡೋ ಪರ್ಮಿಷನ್ ಇರಲ್ಲ. ಆ ಪರ್ಮಿಷನ್ ಕೇಳೋಕೆ ಬ್ರಾಡ್ಲಿ ಜನರ ಹತ್ತಿರ ಹೋದರು. ಜನ ಮೇಯರ್ ಕುರ್ಚಿ ಕೊಟ್ಟರು. ಆ ಒಂದು ಬಗ್ ಸರಿಹೋಗೋಕೆ ಮಾತ್ರ ಇನ್ನೂ 19 ವರ್ಷ ಬೇಕಾಯ್ತು.