ಹಲಗೆ ಬೇಲಿಯೊಳಗಿನ ಗುಡಿಸಲುಗಳು

ಗಾಂಧೀಜಿಯ ಆತ್ಮಕಥೆ ನಮ್ಮಲ್ಲಿ ಬಹಳ ಜನರ ಮನೆಯಲ್ಲಿರುತ್ತದೆ. ಯಾವುದೋ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಿರುತ್ತದೆ, ಓದಿರುವುದಿಲ್ಲ. ನನ್ನದೂ ಅದೇ ಕಥೆ. ಹೋದ ರಜೆಯಲ್ಲಿ ನೆಟ್ ಕೈಕೊಟ್ಟ ಒಂದು ಮಧ್ಯಾಹ್ನ ಅದನ್ನು ಕೈಗೆತ್ತಿಕೊಂಡೆ. ಜೋಹಾನ್ಸ್‌ಬರ್ಗ್‌ನ ಭಾಗಕ್ಕೆ ಬಂದಾಗ ಸತ್ಯಾಗ್ರಹದ ಬದಲು ಮಲಬದ್ಧತೆಯ ವಿಷಯ ಸಿಕ್ಕಿತು. ತಲೆನೋವು, ಹೊಟ್ಟೆ ಸರಿಯಿಲ್ಲ, ಆಗಾಗ ಭೇದಿಗೆ ಔಷಧಿ. ಬೆಳಗಿನ ತಿಂಡಿ ಬಿಟ್ಟರು, ತಲೆನೋವು ಹೋಯಿತು. ತಣ್ಣೀರಿನ ಟಬ್ಬಿನಲ್ಲಿ ಕೂತರು, ಸ್ವಲ್ಪ ವಾಸಿ ಅನ್ನಿಸಿತು, ಅಷ್ಟೇ. ಆಮೇಲೆ ಯಾರೋ ಸ್ನೇಹಿತರು ಒಂದು ಪುಸ್ತಕ ಕೊಟ್ಟರು. ಅದರಲ್ಲಿ ಹೇಳಿದಂತೆ ಒದ್ದೆ ಮಣ್ಣನ್ನು ಬಟ್ಟೆಯ ಮೇಲೆ ಹರಡಿ ರಾತ್ರಿ ಹೊಟ್ಟೆಗೆ ಕಟ್ಟಿಕೊಂಡು ಮಲಗಿದರು. ಗುಣವಾಯಿತಂತೆ.

ಆ ಪುಸ್ತಕ ಬರೆದವನು ಅಡಾಲ್ಫ್ ಯುಸ್ಟ್. ಇಂಗ್ಲಿಷಿನಲ್ಲಿ ಅವನ ಹೆಸರು ಜಸ್ಟ್ ಅಂತ ಕಾಣುತ್ತದೆ, ಜರ್ಮನ್ನರು ಯುಸ್ಟ್ ಅನ್ನುತ್ತಾರೆ. ಯಾರಪ್ಪಾ ಇವನು ಅಂತ ಹುಡುಕುತ್ತಾ ಹೋದರೆ, ಅವನು ಡಾಕ್ಟರೇ ಅಲ್ಲ. ಪುಸ್ತಕ ಮಾರುವವನು. ಕಾಡಂಚಿನಲ್ಲಿ ಒಂದು ಜಾಗ ಹಿಡಿದು, ಮರದ ಗುಡಿಸಲುಗಳನ್ನು ಕಟ್ಟಿಸಿ, ಜನರು ಬಟ್ಟೆಯಿಲ್ಲದೆ ಗಾಳಿ ಬಿಸಿಲಲ್ಲಿ ಓಡಾಡಿಕೊಂಡಿರುವ ಶಿಬಿರ ತೆರೆದವನು. ನಗಬೇಡಿ. ಮೊದಲು ನಾನೂ ನಕ್ಕೆ. ಆಮೇಲೆ ಇಂಥದ್ದೊಂದು ಜಾಗವನ್ನು 1896ರಲ್ಲಿ, ಆ ಕಾಲದ ಕಟ್ಟುನಿಟ್ಟಿನ ಜರ್ಮನಿಯಲ್ಲಿ, ಅವನು ಹೇಗೆ ನಿಲ್ಲಿಸಿದ ಅನ್ನೋ ಪ್ರಶ್ನೆ ಹಿಡಿದುಕೊಂಡಿತು.

ಯುಸ್ಟ್ ಹುಟ್ಟಿದ್ದು 1859ರಲ್ಲಿ, ಉತ್ತರ ಜರ್ಮನಿಯ ಲ್ಯೂಟ್‌ಹಾರ್ಸ್ಟ್ ಅನ್ನುವ ಹಳ್ಳಿಯಲ್ಲಿ. ಕಲಿತ ಕಸುಬು ಪುಸ್ತಕ ವ್ಯಾಪಾರ. ಹರೆಯದಲ್ಲೇ ನರಗಳ ಕಾಯಿಲೆ ಅಂಟಿಕೊಂಡು ವರ್ಷಗಟ್ಟಲೆ ಕಾಡಿತು. ಆಸ್ಪತ್ರೆಯ ಡಾಕ್ಟರುಗಳನ್ನು ನೋಡಿದ, ನೀರಿನ ಚಿಕಿತ್ಸೆಯವರನ್ನೂ ನೋಡಿದ. ಯಾವುದೂ ಪೂರ್ತಿ ಹಿಡಿಸಲಿಲ್ಲ. ಲೈಪ್‌ಜಿಗ್‌ನ ಲೂಯಿ ಕೂನೆಯ ಟಬ್ ಸ್ನಾನದ ಪ್ರಭಾವ ಅವನ ಮೇಲೆ ಚೆನ್ನಾಗಿಯೇ ಆಗಿತ್ತು (ಗಾಂಧೀಜಿ ಕೂತಿದ್ದೂ ಇದೇ ಕೂನೆಯ ಟಬ್ಬಿನಲ್ಲಿ). ಬ್ಲೆಡ್ ಸರೋವರದ ದಡದಲ್ಲಿ ಅರ್ನಾಲ್ಡ್ ರಿಕ್ಲಿ ಅನ್ನುವವನು 1850ರ ದಶಕದಿಂದಲೇ ರೋಗಿಗಳನ್ನು ಗಾಳಿ ಬೆಳಕಿಗೆ ಒಡ್ಡಿ ಹೆಸರು ಮಾಡಿದ್ದ. ಅಂದರೆ ಯುಸ್ಟ್ ಶೂನ್ಯದಿಂದ ಶುರು ಮಾಡಿದವನಲ್ಲ. ಅಲ್ಲಲ್ಲಿ ಇದ್ದದ್ದನ್ನೆಲ್ಲ ಸೇರಿಸಿ ತನ್ನದೊಂದು ತರ್ಕ ಕಟ್ಟಿದ.

ತರ್ಕ ಬಹಳ ಸರಳ. ಕಾಡಿನ ಪ್ರಾಣಿಗಳಿಗೆ ಡಾಕ್ಟರಿಲ್ಲ, ಅಡುಗೆಮನೆ ಇಲ್ಲ, ಬಟ್ಟೆ ಇಲ್ಲ. ಜಿಂಕೆ, ಕಾಡುಹಂದಿ ಕೆಸರಲ್ಲಿ ಹೊರಳುತ್ತವೆ, ನೆಲದ ಮೇಲೆ ಮಲಗುತ್ತವೆ. ಮನುಷ್ಯನೂ ಹಾಗೇ ಮಾಡಲಿ. ತಣ್ಣೀರಿನಲ್ಲಿ ಕೂತು ಮೈ ತಿಕ್ಕಿಕೊಳ್ಳಲಿ, ಬರಿಗಾಲಲ್ಲಿ ನಡೆಯಲಿ, ಹಣ್ಣು ಕಾಯಿಬೀಜ ತಿನ್ನಲಿ, ಗಾಯಕ್ಕೆ ಮಣ್ಣು ಹಚ್ಚಲಿ, ಬೆಳಕು ಮೈಗೆ ನೇರ ಬೀಳಲಿ. ಒಂದೇ ಸೂತ್ರದಿಂದ ಎಲ್ಲಾ ಲೆಕ್ಕ ಬಿಡಿಸುತ್ತೇನೆ ಅನ್ನುವವರನ್ನು ನಮ್ಮ ಕ್ಲಾಸುಗಳಲ್ಲೂ ನೋಡಿದ್ದೀವಿ. ಯುಸ್ಟ್ ಆ ಜಾತಿಯವನು.

ಕಾಲ ಮಾತ್ರ ವಿಚಿತ್ರವಾಗಿತ್ತು. ಅದೇ ದೇಶದಲ್ಲಿ ರಾಬರ್ಟ್ ಕಾಕ್ 1882ರಲ್ಲೇ ಕ್ಷಯದ ರೋಗಾಣುವನ್ನು ತೋರಿಸಿದ್ದ. 1895ರ ಕೊನೆಗೆ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ. ಜರ್ಮನ್ ವೈದ್ಯಶಾಸ್ತ್ರ ಜಗತ್ತಿನ ತುತ್ತತುದಿಯಲ್ಲಿದ್ದಾಗ ಅದರ ಪಕ್ಕದಲ್ಲೇ ಒಬ್ಬ ಪುಸ್ತಕದಂಗಡಿಯವನು ಮಣ್ಣು ಹಚ್ಚಿಕೊಳ್ಳಿ ಅನ್ನುತ್ತಿದ್ದ, ಜನ ಕೇಳುತ್ತಿದ್ದರು. ಕಾರಣವಿತ್ತು. ರೋಗಾಣು ಕಂಡಿತ್ತು, ಅದನ್ನು ಕೊಲ್ಲುವ ಔಷಧಿ ಸಿಕ್ಕಿರಲಿಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸಿಗಲು 1943 ಆಗಬೇಕಾಯಿತು. ನಡುವೆ ಕಾರ್ಖಾನೆ ಹೊಗೆಯ ಊರುಗಳಲ್ಲಿ, ಕಿಟಕಿ ಕಾಣದ ಬಾಡಿಗೆ ಕೋಣೆಗಳಲ್ಲಿ ಜನ ಕೆಮ್ಮುತ್ತಾ ಬದುಕಿದ್ದರು. ಇನ್ನೊಂದು ಕಾರಣ ಕಾನೂನಿನದು. 1869ರ ವೃತ್ತಿ ಕಾನೂನು ಚಿಕಿತ್ಸೆಯನ್ನು ಯಾರು ಬೇಕಾದರೂ ಮಾಡಬಹುದಾದ ಕಸುಬನ್ನಾಗಿ ಬಿಟ್ಟುಬಿಟ್ಟಿತ್ತು. ಡಾಕ್ಟರ್ ಅಂತ ಹಾಕಿಕೊಳ್ಳುವಂತಿಲ್ಲ, ಅಷ್ಟೇ. ಆ ಬಾಗಿಲು ಮುಚ್ಚಿದ್ದು 1939ರಲ್ಲಿ. ಯುಸ್ಟ್ ಒಳಗೆ ಬಂದದ್ದು ಈ ಬಾಗಿಲಿನಿಂದಲೇ.

ಜಾಗ ಸಿಕ್ಕಿದ್ದು ಹಾರ್ಟ್ಸ್ ಬೆಟ್ಟಗಳ ಬುಡದಲ್ಲಿ, ಎಕರ್ ಅನ್ನುವ ಚಿಕ್ಕ ನದಿಯ ಕಣಿವೆಯಲ್ಲಿ. ಒಂದು ಕಡೆ ಇಲ್ಸನ್‌ಬುರ್ಗ್, ಇನ್ನೊಂದು ಕಡೆ ಬಾಡ್ ಹಾರ್ಟ್ಸ್‌ಬುರ್ಗ್. ನದಿ ಆಗಲೂ ಗಡಿಯೇ: ಈಚೆ ದಡ ಪ್ರಷ್ಯ, ಆಚೆ ಬ್ರೌನ್‌ಶ್ವೈಗ್ ಸಂಸ್ಥಾನ. 1896ರಲ್ಲಿ ಶಿಬಿರ ತೆರೆಯಿತು. ಹೆಸರು ಯುಂಗ್‌ಬಾರ್ನ್, ಯೌವನದ ಚಿಲುಮೆ ಅಂತ ಅರ್ಥ.

ಹೊಸ ಜಾಗ ನಿಲ್ಲಬೇಕಾದರೆ ಏನು ಬೇಕು? ನಮ್ಮ ಕಾಲೇಜಿನ ಹುಡುಗರು ಸ್ಟಾರ್ಟಪ್ ಅಂತ ಮಾತಾಡುವಾಗ ಮೊದಲು ಬಂಡವಾಳ ಅನ್ನುತ್ತಾರೆ. ಯುಸ್ಟ್‌ನ ತತ್ವವೇ ಅವನ ಖರ್ಚನ್ನು ಕಡಿಮೆ ಮಾಡಿತು ಅನ್ನುವುದು ನನ್ನ ಲೆಕ್ಕ. ಆ ಕಾಲದ ಆರೋಗ್ಯಧಾಮ ಅಂದರೆ ಕಲ್ಲಿನ ಕಟ್ಟಡ, ಬಿಸಿನೀರಿನ ಬಾಯ್ಲರ್, ಹಬೆ ಕೋಣೆ, ದೊಡ್ಡ ಅಡುಗೆಮನೆ. ಇವನಿಗೆ ಯಾವುದೂ ಬೇಡ. ಗಾಳಿ ಬೆಳಕು ಆಡುವ ಸಣ್ಣ ಸಣ್ಣ ಮರದ ಮನೆಗಳು ಸಾಕು. ಎದುರುಬದುರು ತೆರಪು ಇಟ್ಟರೆ ಗಾಳಿ ತಾನೇ ಹಾಯುತ್ತದೆ. ಸಿವಿಲ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ತಣ್ಣಗೇ ಇರಬೇಕು, ಊಟ ಬಹುಪಾಲು ಬೇಯಿಸದ್ದು, ಔಷಧಿ ಕಾಲ ಕೆಳಗಿನ ಮಣ್ಣು.

ದುಡ್ಡಿಗಿಂತ ದೊಡ್ಡ ಕಷ್ಟ ಮಾನದ್ದು. ಬೆತ್ತಲೆ ಜನರ ಜಾಗ ಅಂತ ಸುತ್ತಲ ಹಳ್ಳಿಗಳಲ್ಲಿ ಸುದ್ದಿಯಾದರೆ ಪಾದ್ರಿ ಬರುತ್ತಾನೆ, ಪೊಲೀಸ್ ಬರುತ್ತಾನೆ, ಇಣುಕಿ ನೋಡುವವರಂತೂ ಬಂದೇ ಬರುತ್ತಾರೆ. ಯುಸ್ಟ್‌ನ ಉತ್ತರ ಹಲಗೆ ಬೇಲಿ. ಗಂಡಸರಿಗೊಂದು ತೋಟ, ಹೆಂಗಸರಿಗೊಂದು ತೋಟ, ಎರಡಕ್ಕೂ ಎತ್ತರದ ಮರದ ಬೇಲಿ. ಅದರೊಳಗೆ ಬಟ್ಟೆ ಬೇಡ. ಎಲ್ಲರೂ ಸೇರುವ ಜಾಗದಲ್ಲಿ ಬಟ್ಟೆ ಹಾಕಿಕೊಂಡೇ ಬರಬೇಕು. ಸ್ವಾತಂತ್ರ್ಯ ಕೊಡುವುದಕ್ಕೆ ಮೊದಲು ಬೇಲಿ ಹಾಕಿದ ಅನ್ನುವುದು ಕೇಳಲು ತಮಾಷೆ. ಆದರೆ ಬೇಲಿ ಇಲ್ಲದಿದ್ದರೆ ಆ ಶಿಬಿರ ಒಂದು ಬೇಸಿಗೆಯನ್ನೂ ದಾಟುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಏಳು ವರ್ಷದ ನಂತರ, 1903ರಲ್ಲಿ, ಲ್ಯೂಬೆಕ್ ಕಡೆಯ ಕ್ಲಿಂಗ್‌ಬರ್ಗ್‌ನಲ್ಲಿ ಪೌಲ್ ಟ್ಸಿಮ್ಮರ್‌ಮನ್ ತೆರೆದ ಜಾಗದಲ್ಲಿ ಗಂಡು ಹೆಣ್ಣು ಮಕ್ಕಳು ಸಂಸಾರ ಸಮೇತ ಒಟ್ಟಿಗೇ ಬೆತ್ತಲೆ ಇರತೊಡಗಿದರು. ಯುರೋಪಿನಲ್ಲಿ ಇವತ್ತು ಇರುವ ಇಂಥ ಶಿಬಿರಗಳು ಸಾಮಾನ್ಯವಾಗಿ ತಮ್ಮ ಮೂಲವನ್ನು ಅಲ್ಲಿಂದ ಎಣಿಸುತ್ತವೆ. ಯುಸ್ಟ್ ಅಷ್ಟು ದೂರ ಹೋಗಲಿಲ್ಲ. ಅವನಿಗೆ ಬೆತ್ತಲೆ ಅನ್ನುವುದು ಚಿಕಿತ್ಸೆ.

(ಇಲ್ಲೊಂದು ಮಾತು. ಶ್ರವಣಬೆಳಗೊಳ ನೋಡಿ ಬೆಳೆದ ನಮಗೆ ಬಟ್ಟೆಯಿಲ್ಲದ ಮೈ ಹೊಸದಲ್ಲ ಅಂತ ಯಾರಾದರೂ ವಾದ ಹೂಡಬಹುದು. ಅದು ಬೇರೆ, ಇದು ಬೇರೆ. ದಿಗಂಬರ ಮುನಿ ಮೈಯ ಮೇಲಿನ ಮೋಹ ಬಿಡಲು ಬಟ್ಟೆ ಬಿಡುತ್ತಾನೆ. ಯುಂಗ್‌ಬಾರ್ನ್‌ಗೆ ಬಂದವರು ಮೈ ಸರಿಮಾಡಿಕೊಳ್ಳಲು ಬಟ್ಟೆ ಬಿಟ್ಟವರು.)

ಇನ್ನು ಜನ ಬರಬೇಕಲ್ಲ. ಇಲ್ಲಿ ಅವನ ಹಳೇ ಕಸುಬು ಕೈಹಿಡಿಯಿತು. ಶಿಬಿರ ತೆರೆದ ವರ್ಷವೇ ಪ್ರಕೃತಿಗೆ ಮರಳಿ ಅನ್ನುವ ಅರ್ಥದ ಹೆಸರಿನ ದಪ್ಪ ಪುಸ್ತಕ ಹೊರತಂದ. ಓದಿದವನಿಗೆ ಸಿದ್ಧಾಂತವೂ ಗೊತ್ತಾಗುತ್ತದೆ, ಅದನ್ನು ಮಾಡಿ ನೋಡಲು ಒಂದು ಜಾಗ ಇದೆ ಅಂತಲೂ ಗೊತ್ತಾಗುತ್ತದೆ. ಪುಸ್ತಕ ಆವೃತ್ತಿಯ ಮೇಲೆ ಆವೃತ್ತಿ ಕಂಡಿತು, ಬೇರೆ ಭಾಷೆಗಳಿಗೆ ಹೋಯಿತು. ಇಂಗ್ಲಿಷಿಗೆ ತಂದವನು ಅಮೆರಿಕದಲ್ಲಿ ನೆಲೆಸಿದ್ದ ಬೆನೆಡಿಕ್ಟ್ ಲುಸ್ಟ್. ಅವನು ನ್ಯೂಜೆರ್ಸಿಯ ಬಟ್ಲರ್‌ನಲ್ಲಿ ಅದೇ ಹೆಸರಿನ ಇನ್ನೊಂದು ಧಾಮವನ್ನೇ ನಡೆಸಿದ. ಅವನ ಕೆಲಸಕ್ಕೆ ದುಡ್ಡು ಮತ್ತು ಬೆನ್ನೆಲುಬು ಎರಡೂ ಆದವಳು ಹೆಂಡತಿ ಲೂಯಿಸಾ. ಇಂಥ ಕಥೆಗಳಲ್ಲಿ ಆ ಹೆಸರು ಯಾವಾಗಲೂ ಕೊನೆಗೆ ಬರುತ್ತದೆ, ನಾನೂ ಕೊನೆಗೇ ಬರೆದೆ ನೋಡಿ. ಹಾರ್ಟ್ಸ್‌ನ ಮೂಲ ಯುಂಗ್‌ಬಾರ್ನ್‌ಗೆ ಹೆಗಲು ಕೊಟ್ಟವನು ಯುಸ್ಟ್‌ನ ಸಹೋದರ ರುಡಾಲ್ಫ್. ಮುಂದೆ ಅದರ ಆಡಳಿತವೇ ಅವನ ಕೈಗೆ ಹೋಯಿತು.

ಬಂದವರಲ್ಲಿ ಒಬ್ಬ ನಮಗೆ ಹತ್ತಿರದವನು. 1912ರ ಜುಲೈನಲ್ಲಿ ಪ್ರಾಗ್‌ನಿಂದ ಇಪ್ಪತ್ತೊಂಬತ್ತು ವರ್ಷದ ವಿಮಾ ಕಚೇರಿ ನೌಕರನೊಬ್ಬ ರಜೆ ಹಾಕಿ ಬಂದ. ಕಾರ್ಮಿಕರ ಅಪಘಾತ ವಿಮೆ ಅವನ ಕೆಲಸ. ಮರ ಹತ್ತರಿ ಹಿಡಿಯುವ ಯಂತ್ರಗಳಲ್ಲಿ ಚೌಕ ಶಾಫ್ಟ್ ಬೆರಳು ಕತ್ತರಿಸುತ್ತದೆ, ಉರುಳೆ ಶಾಫ್ಟ್ ಹಾಕಿ ಅಂತ ಚಿತ್ರ ಸಮೇತ ವರದಿ ಬರೆದಿದ್ದವನು. ಮೆಕ್ಯಾನಿಕಲ್‌ನವರು ಹೆಮ್ಮೆ ಪಡಬಹುದು, ಅವನ ಹೆಸರು ಫ್ರಾಂಜ್ ಕಾಫ್ಕಾ. ರೂತ್ ಅನ್ನುವ ಹೆಸರಿನ ಗುಡಿಸಲಲ್ಲಿ ಸುಮಾರು ಮೂರು ವಾರ ಇದ್ದ. ಹುಲ್ಲು ಹರವುವ ಕೆಲಸಕ್ಕೆ ಕೈ ಹಾಕಿದ, ಚೆರ್ರಿ ಕಿತ್ತ, ಹತ್ತಿರದ ಸ್ಟಾಪೆಲ್‌ಬುರ್ಗ್ ಹಳ್ಳಿಯ ಹಬ್ಬದಲ್ಲಿ ಕುಣಿದ. ಅಮೆರಿಕಕ್ಕೆ ಹೋದ ಹುಡುಗನ ಕಾದಂಬರಿಯ ಮೇಲೂ ಅಲ್ಲೇ ಕೂತು ಹೆಣಗಿದ. ಎಲ್ಲಾ ಮಾಡಿದ, ಬಟ್ಟೆ ಒಂದನ್ನು ಪೂರ್ತಿ ಬಿಡಲಿಲ್ಲ. ಸುತ್ತಲೂ ಬರಿಮೈಯ ಗಂಡಸರು, ನಡುವೆ ಇವನೊಬ್ಬ ಈಜುಚಡ್ಡಿಯಲ್ಲಿ. ಶಿಬಿರದಲ್ಲಿ ಅದೇ ಅವನ ಗುರುತಾಯಿತು. ಯಾರೂ ಬಲವಂತ ಮಾಡಿ ಬಿಚ್ಚಿಸಲಿಲ್ಲ, ಆಚೆಗೂ ಹಾಕಲಿಲ್ಲ. ಯುಂಗ್‌ಬಾರ್ನ್ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿ ಇದೇ. ಎಷ್ಟೇ ಒಂದೇ ಸೂತ್ರದ ಮನುಷ್ಯ ಕಟ್ಟಿದ ಜಾಗವಾದರೂ, ಒಂದು ಚಡ್ಡಿಗೆ ಅಲ್ಲಿ ಎಡೆಯಿತ್ತು.

ಐದು ವರ್ಷಕ್ಕೆ, 1917ರಲ್ಲಿ, ಕಾಫ್ಕಾನಿಗೆ ಕ್ಷಯ ಅಂತ ಗೊತ್ತಾಯಿತು. 1924ರಲ್ಲಿ ತೀರಿಹೋದ. ಆ ಗಾಳಿ, ಹಣ್ಣು, ಬರಿಗಾಲ ನಡಿಗೆ ಅವನನ್ನು ಕಾಪಾಡಲಿಲ್ಲ, ಕಾಪಾಡುವುದಕ್ಕೂ ಸಾಧ್ಯವಿರಲಿಲ್ಲ. ಯುಸ್ಟ್‌ನನ್ನು ಮೆಚ್ಚಿಕೊಂಡು ಬರೆಯಲು ಕೂತ ನಾನು ಎಡವಿದ್ದೂ ಇಲ್ಲೇ. ಅವನ ಪುಸ್ತಕ ಔಷಧಿಯನ್ನೇ ತಳ್ಳಿಹಾಕುತ್ತದೆ. ಅವನು ಹೇಳಿದ ಕೆಲವು ಆಮೇಲೆ ಬೇರೆ ದಾರಿಯಿಂದ ನಿಜವಾದವು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಫಿನ್ಸನ್‌ಗೆ 1903ರಲ್ಲಿ ನೊಬೆಲ್ ಬಂತು. ಮೂಳೆ ಬಾಗುವ ರಿಕೆಟ್ಸ್ ಅತಿನೇರಳೆ ಕಿರಣಕ್ಕೆ ಬಗ್ಗುತ್ತದೆ ಅಂತ 1919ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದರು. ಆದರೆ ಅವರು ಅಳೆದು ನೋಡಿ ಹೇಳಿದವರು. ಯುಸ್ಟ್ ಅಳೆಯಲಿಲ್ಲ. ಗುಣವಾದವರನ್ನು ಮಾತ್ರ ಎಣಿಸಿದರೆ ಯಾವ ಚಿಕಿತ್ಸೆಯೂ ಗೆಲ್ಲುತ್ತದೆ.

ಗಾಂಧೀಜಿಯ ವಿಷಯ ಇನ್ನೂ ಸ್ವಾರಸ್ಯ. ಹಡಗಿನಲ್ಲಿ ಮಗ ರಾಮದಾಸನ ಕೈ ಮುರಿಯಿತು. ಹಡಗಿನ ಡಾಕ್ಟರು ಕಟ್ಟು ಹಾಕಿ ಕಳಿಸಿದರು. ಜೋಹಾನ್ಸ್‌ಬರ್ಗ್ ತಲುಪಿದ ಮೇಲೆ ಅಪ್ಪ ನಡುಗುವ ಕೈಯಲ್ಲೇ ಕಟ್ಟು ಬಿಚ್ಚಿ, ಗಾಯ ತೊಳೆದು, ಮಣ್ಣಿನ ಪಟ್ಟಿ ಹಾಕಿದರು. ತಿಂಗಳಲ್ಲಿ ಗಾಯ ಮಾಯಿತು. ಎಂಟು ವರ್ಷದ ಮಕ್ಕಳ ಗಾಯ ಬೇಗ ಮಾಯುತ್ತದೆ ಅಂತ ನಾನು ಅಂದುಕೊಳ್ಳುತ್ತೇನೆ. ಆದರೆ ಆತ್ಮಕಥೆ ಬರೆಯುವ ಹೊತ್ತಿಗೆ ಅವರೇ ಹಿಂದಿನಷ್ಟು ಧೈರ್ಯದಿಂದ ಇವನ್ನು ಮಾಡಲಾರೆ ಅಂತ ಒಪ್ಪಿಕೊಂಡಿದ್ದಾರೆ. ಯುಸ್ಟ್‌ನಿಂದ ಅವರು ತೆಗೆದುಕೊಂಡದ್ದು ಮಣ್ಣು, ಹಣ್ಣು, ಔಷಧಿಯ ಬಗೆಗಿನ ಅನುಮಾನ. ಬೆತ್ತಲೆ ತೋಟ ತೆಗೆದುಕೊಳ್ಳಲಿಲ್ಲ. 1946ರಲ್ಲಿ ಪುಣೆ ಹತ್ತಿರ ಉರುಳಿಕಾಂಚನದಲ್ಲಿ ಹಳ್ಳಿಯವರಿಗಾಗಿ ಪ್ರಕೃತಿ ಚಿಕಿತ್ಸಾಲಯ ಶುರುಮಾಡಿದರು. ನಮ್ಮಲ್ಲಿ ಉಜಿರೆಗೋ ಬೆಂಗಳೂರಿಗೋ ಪ್ರಕೃತಿ ಚಿಕಿತ್ಸೆಗೆ ಹೋಗಿಬಂದ ಅಜ್ಜಿ, ದೊಡ್ಡಪ್ಪ ನಿಮ್ಮ ಮನೆಯಲ್ಲೂ ಇದ್ದರೆ ಕೇಳಿ ನೋಡಿ, ಹೊಟ್ಟೆ ಮೇಲೆ ಮಣ್ಣಿನ ಪಟ್ಟಿ ಹಾಕಿಸಿಕೊಂಡ ಕಥೆ ಹೇಳ್ತಾರೆ. ಎಕರ್ ನದಿಯ ದಡದಿಂದ ಆ ಪಟ್ಟಿ ನಮ್ಮವರೆಗೆ ಬಂದ ದಾರಿಗಳಲ್ಲಿ ಇದೂ ಒಂದು.

ಮಣ್ಣು ಯುಸ್ಟ್‌ನನ್ನು ಕೊನೆತನಕ ಬಿಡಲಿಲ್ಲ. 1918ರಲ್ಲಿ, ಮಹಾಯುದ್ಧ ಮುಗಿಯುತ್ತಿದ್ದ ವರ್ಷ, ಹಾರ್ಟ್ಸ್‌ನಲ್ಲೇ ಇರುವ ಬ್ಲಾಂಕನ್‌ಬುರ್ಗ್‌ನಲ್ಲಿ ಮಣ್ಣಿನ ಕಂಪನಿ ತೆಗೆದ. ಗಾಳಿಯಲ್ಲಿ ತೂರಿಬಂದು ಸಾವಿರಾರು ವರ್ಷ ಕೂತ ಲೋಯೆಸ್ ಅನ್ನುವ ನುಣುಪು ಮಣ್ಣನ್ನು ಶುದ್ಧಮಾಡಿ ಲುವೋಸ್ ಅನ್ನುವ ಹೆಸರಲ್ಲಿ ಪೊಟ್ಟಣ ಕಟ್ಟಿ ಮಾರಿದ. ಪ್ರಕೃತಿಗೆ ಮರಳಿ ಅಂದವನು ಪ್ರಕೃತಿಯನ್ನೇ ಪ್ಯಾಕೆಟ್ ಮಾಡಿದ ಅಂತ ಹಂಗಿಸಬಹುದು. ಅವನ ಕಡೆಯಿಂದ ನೋಡಿದರೆ, ಶಿಬಿರಕ್ಕೆ ಬರಲಾಗದ ಬಡವನ ಮನೆಗೆ ಶಿಬಿರದ ಒಂದು ಹಿಡಿ ಮಣ್ಣು ಕಳಿಸಿದಂತೆ. ಎರಡರಲ್ಲಿ ಯಾವುದು ಸರಿ ಅಂತ ನಾನು ಇನ್ನೂ ತೀರ್ಮಾನಿಸಿಲ್ಲ. 1936ರ ಜನವರಿಯಲ್ಲಿ ಬ್ಲಾಂಕನ್‌ಬುರ್ಗ್‌ನಲ್ಲೇ ಸತ್ತ.

ಶಿಬಿರ ಅವನಿಗಿಂತ ಹೆಚ್ಚು ಬಾಳಿತು, ಆದರೆ ಬಹಳ ಅಲ್ಲ. 1945ರ ನಂತರ ಜರ್ಮನಿ ಹೋಳಾದಾಗ ಗೆರೆ ಎಳೆದದ್ದು ಎಕರ್ ನದಿಯ ಮೇಲೆಯೇ. ಯುಂಗ್‌ಬಾರ್ನ್ ಪೂರ್ವದ ದಡಕ್ಕೆ, ನದಿಗೆ ಅಂಟಿಕೊಂಡೇ ಸಿಕ್ಕಿಬಿತ್ತು. ಗಡಿ ಕಾಯುವವರಿಗೆ ಅಡ್ಡವಿಲ್ಲದ ಬಯಲು ಬೇಕು, ಯಾರೂ ಅಡಗಲು ಜಾಗವಿರಬಾರದು. 1960ರ ದಶಕದಲ್ಲಿ ಅಲ್ಲಿದ್ದ ಮನೆಗಳನ್ನೆಲ್ಲ ಕೆಡವಿದರು. ಹಲಗೆ ಬೇಲಿ ಇದ್ದ ಕಣಿವೆಗೆ ತಂತಿ ಬೇಲಿ ಬಂತು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿದ್ದ ಬೆನ್ನಲ್ಲೇ, ಕಾಫ್ಕಾ ಕುಣಿದಿದ್ದ ಅದೇ ಸ್ಟಾಪೆಲ್‌ಬುರ್ಗ್‌ನಲ್ಲಿ ಜನ ನದಿ ದಾಟಿದರು. ಈಗ ಆ ಗಡಿಯ ಉದ್ದಕ್ಕೂ ಕಾಡು ಬೆಳೆದಿದೆ, ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವವರು ಓಡಾಡುತ್ತಾರೆ. ಗುಡಿಸಲುಗಳಿಲ್ಲ. ಲುವೋಸ್ ಮಣ್ಣಿನ ಪೊಟ್ಟಣ ಮಾತ್ರ ಜರ್ಮನಿಯ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ.