ಮಂತ್ರಿಯಾಗದೆ ಹೋದ ಎಂ.ಎಲ್.ಎ. ಶಾಂತವೇರಿ ಗೋಪಾಲಗೌಡರು

ಎಲೆಕ್ಷನ್ ಮಾತು ಬಂದರೆ ಸಾಕು, ತಿಪಟೂರು ಬಸ್ ಸ್ಟ್ಯಾಂಡಿನಿಂದ ಹಿಡಿದು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಹೋಟ್ಲುಗಳ ತನಕ ಒಂದೇ ಸವಾಲು. ಆಳುವ ಪಕ್ಷದಲ್ಲಿ ಇಲ್ಲದ, ಮಂತ್ರಿಯೂ ಆಗದ ಎಂ.ಎಲ್.ಎ.ಯನ್ನ ಕಟ್ಟಿಕೊಂಡು ಏನ್ಮಾಡೋದು? ಅಂಥವನಿಂದ ರಸ್ತೆ ಬರುತ್ಯೆ, ಬೋರ್‌ವೆಲ್ ಬರುತ್ಯೆ ಅನ್ನೋದು ಜನರ ಲೆಕ್ಕಾಚಾರ. ಲೆಕ್ಕ ತಪ್ಪು ಅಂತ ಹೇಳುವ ಹಾಗಿಲ್ಲ. ಆದರೂ ಈ ಸವಾಲಿಗೆ ತನ್ನ ಬಾಳನ್ನೇ ಜವಾಬಾಗಿ ಕೊಟ್ಟು ಹೋದ ಒಬ್ಬ ಶಾಸಕರ ಕಥೆ ಓದುಗರಿಗೆ ಗೊತ್ತಿರಬೇಕು.

ನಮ್ಮ ತಿಪಟೂರು ಸ್ಟೇಷನ್ನಿನ ಮೇಲೆ ಹಾದುಹೋಗುವ ತಾಳಗುಪ್ಪದ ರೈಲು ಹತ್ತಿ ಕೂತರೆ ಅರಸೀಕೆರೆ, ಬೀರೂರು, ಶಿವಮೊಗ್ಗ ದಾಟಿ ಸಾಗರ ಸಿಗುತ್ತದೆ. ಆ ಸೀಮೆಯವರು ಶಾಂತವೇರಿ ಗೋಪಾಲಗೌಡರು. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಹಣವಂತರ ಮನೆಯಲ್ಲ. ಓದುವ ವಯಸ್ಸಿನಲ್ಲೇ 1942ರ ಚಳವಳಿಗೆ ಧುಮುಕಿ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಬಹಳ ಜನ ಕಾಂಗ್ರೆಸ್ಸಿನ ಕಡೆ ಹೊರಟರೆ ಇವರು ಸಮಾಜವಾದಿಗಳ ಜೊತೆ ನಿಂತರು.

ಗೌಡರ ಹೆಸರು ನಾಡಿಗೆಲ್ಲ ಗೊತ್ತಾಗಿದ್ದು ಒಂದು ಕೊಳಗದ ಜಗಳದಿಂದ. ಅಂಗಡಿ ಇಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗದ್ದೆ ಉಳುವವರು ಗೇಣಿದಾರರು, ಹೆಚ್ಚಿನವರು ದೀವರ ಜನ. ಬೆಳೆದ ಭತ್ತದಲ್ಲಿ ಒಡೆಯರಿಗೆ ಗೇಣಿ ಅಳೆಯಬೇಕು. ಆ ಗೇಣಿ ಅಳೆಯೋ ಕೊಳಗವೇ ದೊಡ್ಡದು ಅನ್ನೋದು ರೈತರ ದೂರು. ಎಲ್ಲರಿಗೂ ಒಪ್ಪಿಗೆಯಾದ ಅಳತೆಯಲ್ಲಿ ತಗೊಳ್ಳಿ ಅಂತ ಕೇಳಿದರು. ಒಂದು ಕೊಳಗದಲ್ಲಿ ಹೆಚ್ಚಿಗೆ ಹೋಗೋದು ಕಣ್ಣಿಗೆ ಅಷ್ಟಾಗಿ ಕಾಣಿಸದು. ಖಂಡುಗದ ಲೆಕ್ಕ ಬಂದಾಗ ಹೆಂಡತಿ ಮಕ್ಕಳ ಊಟವೇ ಕೈಬಿಡುತ್ತದೆ. ವರ್ಷದ ಹತ್ತಿರ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು ಉಂಡೆ ಕೊಬ್ಬರಿ ಹೊರಲಾಡುವ ನಮ್ಮ ಕಡೆ ರೈತನಿಗೆ ತಕ್ಕಡಿ ಸ್ವಲ್ಪ ವಾಲಿದರೂ ಎದೆ ಧಸಕ್ ಅನ್ನುತ್ತಲ್ಲ, ಅದೇ ಸಂಕಟ ಅದು.

ಕೇಳಿದ್ದಕ್ಕೆ ಸಿಕ್ಕಿದ್ದು ಗದ್ದೆಯಿಂದಲೇ ಹೊರಹಾಕುವ ಶಿಕ್ಷೆ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತ ಸಂಘದ ಗಣಪತಿಯಪ್ಪನವರು ಊರೂರು ತಿರುಗಿ ಜನರನ್ನ ಕಟ್ಟಿದ್ದರು. ಗೋಪಾಲಗೌಡರು ಮತ್ತವರ ಸಮಾಜವಾದಿ ಪಕ್ಷ ಅದಕ್ಕೆ ಹೆಗಲು ಕೊಟ್ಟಿತು. ನೇಗಿಲು ಹೊತ್ತು ಗದ್ದೆಗೆ ಇಳಿಯೋದು, ಪೊಲೀಸರು ಹಿಡಿಯೋದು, ಮಾರನೇ ದಿನ ಇನ್ನೊಂದು ತಂಡ. ನೂರಾರು ಜನ ಜೈಲು ಸೇರಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಇಷ್ಟಾಗಿಯೂ ಗದ್ದೆ ಕೂಡಲೇ ರೈತನ ಕೈಗೆ ಬರಲಿಲ್ಲ. ಚಳವಳಿ ಆರಿಹೋಯಿತು ಅಂತಲೇ ಎಷ್ಟೋ ಜನ ತಿಳಿದಿದ್ದರು.

ಮರುವರ್ಷ, 1952ರಲ್ಲಿ ಮೊದಲ ಮಹಾಚುನಾವಣೆ. ಗೌಡರಿಗೆ ಇನ್ನೂ 29 ತುಂಬಿರಲಿಲ್ಲ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಎದುರಿಗಿದ್ದವರು ಕಾಂಗ್ರೆಸ್ಸಿನ ಘಟಾನುಘಟಿ ಎ.ಆರ್. ಬದರಿನಾರಾಯಣ್. ಗೌಡರ ಹತ್ತಿರ ದುಡ್ಡಿಲ್ಲ. ಓಟಿನ ಜೊತೆಗೆ ಒಂದು ನೋಟನ್ನೂ ಜನರಿಂದಲೇ ಬೇಡಿ ಎಲೆಕ್ಷನ್ ಮಾಡಿದರು, ಗೆದ್ದೂ ಬಂದರು. ಓಟಿಗೆ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯಬೇಕು ಅನ್ನೋದನ್ನ ಆ ಕಾಲದ ಬಡಜನ ತೋರಿಸಿಕೊಟ್ಟಿದ್ದರು, ಸ್ವಾಮಿ!

ಆಗಿನ ಮೈಸೂರು ವಿಧಾನಸಭೆಯ ಬಲ 99. ಕಾಂಗ್ರೆಸ್ಸಿನವರೇ 74 ಮಂದಿ, ಸಮಾಜವಾದಿಗಳು ಬರೀ 3. ಕೈ ಎತ್ತಿ ಎಣಿಸೋ ಆಟದಲ್ಲಿ ಮೂವರು ಗೆಲ್ಲೋದುಂಟೇ? ಗೌಡರ ಆಯುಧ ಮಾತು. ಸದನದಲ್ಲಿ ಅಚ್ಚ ಕನ್ನಡದಲ್ಲಿ ಗುಡುಗುತ್ತಿದ್ದರು. ಗೇಣಿದಾರನ ಕಷ್ಟ, ಉಳುವವನಿಗೇ ಭೂಮಿ ಸಿಗಬೇಕೆಂಬ ವಾದ, ಆಡಳಿತದಲ್ಲಿ ಕನ್ನಡ, ಇವು ಅವರು ಮತ್ತೆ ಮತ್ತೆ ಎತ್ತಿದ ವಿಷಯಗಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಓದಿಕೊಂಡ ಮನುಷ್ಯ. ಕವಿಗಳು, ಸಾಹಿತಿಗಳ ಒಡನಾಟ ಬಹಳ ಇತ್ತು. ಮುಂದೆ ಯು.ಆರ್. ಅನಂತಮೂರ್ತಿಯವರು ಬರೆದ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಓದುಗರು ಗೋಪಾಲಗೌಡರ ನೆರಳನ್ನೇ ಕಂಡರು.

1956ರಲ್ಲಿ ಕನ್ನಡ ನಾಡು ಒಂದಾಯಿತು, ಹೆಸರು ಮಾತ್ರ ಮೈಸೂರು ಅಂತಲೇ ಉಳಿಯಿತು. ಕರ್ನಾಟಕ ಅಂತ ಕರೆಯಿರಿ ಎಂದು ಗೌಡರು ಪಟ್ಟು ಹಿಡಿದರು. ಆಗ ಆ ಮಾತು ನಡೆಯಲಿಲ್ಲ.

1957ರಲ್ಲಿ ಸೋತರು. ಜೈಲಿಗೆ ಹೋಗಿ ಬಂದವರನ್ನೂ ಜನ ಸೋಲಿಸುತ್ತಾರೆ, ಅದು ಓಟಿನ ಧರ್ಮ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು, 1967ರಲ್ಲಿ ಇನ್ನೊಮ್ಮೆ. ಮೂರು ಸಲವೂ ಕೂತದ್ದು ವಿರೋಧ ಪಕ್ಷದ ಬೆಂಚಿನಲ್ಲೇ. ಮಂತ್ರಿಗಿರಿ ಕಾಣಲಿಲ್ಲ, ಆಸ್ತಿ ಮಾಡಲಿಲ್ಲ. ಕೊನೆಯ ವರ್ಷಗಳನ್ನ ಕಾಯಿಲೆ ತಿಂದುಹಾಕಿತು. 1972ರ ಜೂನ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 49 ಮಾತ್ರ.

ಆಮೇಲೆ ಏನಾಯ್ತು ನೋಡಿ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ತಾಲ್ಲೂಕು ತಾಲ್ಲೂಕಿನಲ್ಲೂ ಭೂ ನ್ಯಾಯಮಂಡಳಿ ಕೂತಿತು, ಗೇಣಿದಾರರು ಫಾರಂ ನಂ. 7 ಹಿಡಿದು ಸಾಲು ನಿಂತರು. ನಮ್ಮ ಮೂರು ತಾಲ್ಲೂಕಿನ ಹಿರಿಯರಿಗೆ ಆ ಫಾರಂ ಹೆಸರು ಇವತ್ತಿಗೂ ನೆನಪಿರಬೇಕು. ಕಾನೂನು ತಂದ ಕೀರ್ತಿ ಅರಸರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತು ವರ್ಷ ಮುಂಚೆ ಅದೇ ಮಾತನ್ನ ಸದನದ ಕಿವಿಗೆ ಹಾಕುತ್ತಾ ಬಂದವರು ಮೂವರ ಗುಂಪಿನ ಆ ಯುವಕ. ಎರಡರಲ್ಲಿ ಒಂದನ್ನೂ ಕಣ್ಣಾರೆ ನೋಡುವ ಭಾಗ್ಯ ಅವರಿಗಿರಲಿಲ್ಲ.

ಹಾಗಾದರೆ ವಿರೋಧ ಪಕ್ಷದ ಶಾಸಕನಿಂದ ಲಾಭ ಏನು ಅನ್ನೋ ಸವಾಲಿಗೆ ಜವಾಬು ಸಿಕ್ಕಿತೇ? ರಸ್ತೆ, ಬೋರ್‌ವೆಲ್ ಬೇಕು, ಬೇಡ ಅಂದವರಾರು? ಅದರ ಜೊತೆ ಇನ್ನೊಂದು ಮಾತನ್ನೂ ಕೇಳಿ. ಓಟು ಬೇಡಿ ಅಂಗಡಿ ಬಾಗಿಲಿಗೆ ಬಂದವರಿಗೆ, ಹೋದ ಐದು ವರ್ಷದಲ್ಲಿ ನಮ್ಮ ತೆಂಗಿನ ರೈತನ ಬಗ್ಗೆ, ಕೊಬ್ಬರಿ ರೇಟಿನ ಬಗ್ಗೆ ಸದನದಲ್ಲಿ ಎಷ್ಟು ಸಲ ಎದ್ದು ನಿಂತಿರಿ ಅಂತ ಕೇಳಿ. ಗೋಪಾಲಗೌಡರ ಕೊಳಗ ಅದು. ಪಕ್ಷ ಯಾವುದಾದರೂ ಆಗಲಿ, ಅಳತೆ ಮಾತ್ರ ಎಲ್ಲರಿಗೂ ಒಂದೇ ಇರಲಿ.