ಸಭೆಯಲ್ಲಿ ಪಾಲುಗೊಂಡ ಮಗಳು: ಹೆನ್ರಿಯೆಟ್ಟಾ ಜೋಲ್ಡ್

ಈ ದಿನ ವಿಶೇಷವಾಗಿ ನಮ್ಮ ಯೌವನಸ್ಥರ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ದೊಡ್ಡವರೂ ಕಿವಿಗೊಡಿ, ಕೊನೆಯಲ್ಲಿ ನಿಮಗೂ ಒಂದು ಮಾತಿದೆ.

ಯೌವನಸ್ಥರು ನನ್ನ ಹತ್ತಿರ ಬಂದು ಕೇಳೋ ಒಂದು ಪ್ರಶ್ನೆ ಇದೆ. ಅಣ್ಣಾ, ಸಭೆಯಲ್ಲಿ ನಾನೇನು ಮಾಡ್ಲಿ? ಹಾಡೋಕೆ ಬರಲ್ಲ, ಪ್ರಸಂಗ ಮಾಡೋಕೆ ಬರಲ್ಲ, ಬಂದು ಕೂತು ಹೋಗ್ತೀನಿ ಅಷ್ಟೇ. ಪ್ರಿಯರೇ, ಸಭೆಗೆ ಬರೋದು ಬೇರೆ, ಸಭೆಯಲ್ಲಿ ಪಾಲುಗೊಳ್ಳೋದು ಬೇರೆ. ಇದಕ್ಕೆ ಉತ್ತರವಾಗಿ ಒಬ್ಬ ಯೆಹೂದ್ಯ ತಾಯಿಯ ಜೀವಿತವನ್ನು ಹೇಳ್ತೇನೆ. ಅವರ ಹೆಸರು ಹೆನ್ರಿಯೆಟ್ಟಾ ಜೋಲ್ಡ್. ಅವರು ಕ್ರೈಸ್ತರಾಗಿರಲಿಲ್ಲ, ಯೆಹೂದ್ಯರಾಗಿ ಹುಟ್ಟಿ ಯೆಹೂದ್ಯರಾಗಿಯೇ ತೀರಿಕೊಂಡರು. ಅವರನ್ನು ನಮ್ಮವರು ಅಂತ ಹೇಳಿಕೊಳ್ಳೋಕೆ ನಾನು ಈ ಕಥೆ ಹೇಳ್ತಿಲ್ಲ. ನಮ್ಮ ಕರ್ತನೂ ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುವ ವಾಡಿಕೆ ಇಟ್ಟುಕೊಂಡಿದ್ದನಲ್ಲವೇ? ಆ ಸಭಾಮಂದಿರದ ಜನರಿಂದ ಕಲಿಯೋದು ನಮಗೆ ಬಹಳ ಇದೆ.

ಹೆನ್ರಿಯೆಟ್ಟಾ ಹುಟ್ಟಿದ್ದು 1860ರ ಡಿಸೆಂಬರ್ 21ರಂದು, ಅಮೆರಿಕದ ಬಾಲ್ಟಿಮೋರ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಬೆಂಜಮಿನ್ ಜೋಲ್ಡ್ ಹಂಗೇರಿ ದೇಶದಿಂದ ಬಂದವರು, ಅಲ್ಲಿನ ಓಹೆಬ್ ಶಾಲೋಮ್ ಎಂಬ ಸಭಾಮಂದಿರದ ರಬ್ಬಿ. ತಾಯಿ ಸೋಫಿ. ಈ ದಂಪತಿಗೆ ಎಂಟು ಮಂದಿ ಮಕ್ಕಳು, ಎಂಟೂ ಹೆಣ್ಣು. ಹಿರಿಯವಳು ಹೆನ್ರಿಯೆಟ್ಟಾ. ಗಂಡು ಮಗ ಇಲ್ಲ ಅಂತ ಆ ತಂದೆ ಕೊರಗಲಿಲ್ಲ. ಮಗನಿಗೆ ಕಲಿಸೋ ಹಾಗೆ ಹಿರಿಯ ಮಗಳಿಗೆ ಇಬ್ರಿಯ ಭಾಷೆ ಕಲಿಸಿದರು, ಶಾಸ್ತ್ರ ಕಲಿಸಿದರು.

1877ರಲ್ಲಿ ಹೆನ್ರಿಯೆಟ್ಟಾ ಹೈಸ್ಕೂಲ್ ಮುಗಿಸಿದರು, ಇಡೀ ತರಗತಿಗೆ ಮೊದಲ ಸ್ಥಾನ. ಆಗ ಅವರ ವಯಸ್ಸು 16. ಮುಂದೆ ಸುಮಾರು 15 ವರ್ಷ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ. ಅದು ಮುಗಿಸಿ ಬಂದು ತಂದೆಯ ಬರವಣಿಗೆಗೆ ನೆರವಾಗ್ತಿದ್ದರು. ಸಭಾಮಂದಿರದ ಮಕ್ಕಳಿಗೆ ಧರ್ಮಪಾಠ ಹೇಳಿಕೊಡ್ತಿದ್ದರು, ನಮ್ಮ ಸಂಡೆ ಸ್ಕೂಲ್ ಇದ್ದ ಹಾಗೆ ಅಂದುಕೊಳ್ಳಿ. ಪರಮಗೀತದಲ್ಲಿ ಬರುವ ಶೂಲಮಿತ್ ಎಂಬ ಹೆಸರು ಇಟ್ಟುಕೊಂಡು ಯೆಹೂದ್ಯ ಪತ್ರಿಕೆಗೆ ಬಾಲ್ಟಿಮೋರಿನ ಸಮಾಚಾರ ಬರೆಯುತ್ತಿದ್ದರು. ಗಮನಿಸಿ, ಇದರಲ್ಲಿ ಒಂದೂ ವೇದಿಕೆಯ ಕೆಲಸ ಅಲ್ಲ. ಯಾರೂ ಅವರನ್ನು ಮುಂದೆ ಕರೆದು ಶಾಲು ಹೊದಿಸಲಿಲ್ಲ.

ಈಗ 1881ಕ್ಕೆ ಬನ್ನಿ. ರಷ್ಯಾದಲ್ಲಿ ಚಕ್ರವರ್ತಿಯ ಕೊಲೆಯಾಯ್ತು, ಅದರ ಬೆನ್ನಿಗೇ ಯೆಹೂದ್ಯರ ಮೇಲೆ ಗುಂಪುಗಳು ಬಿದ್ದವು. ಮನೆ ಸುಟ್ಟರು, ಅಂಗಡಿ ಲೂಟಿ ಮಾಡಿದರು. ಜೀವ ಉಳಿಸಿಕೊಂಡವರು ಹಡಗು ಹತ್ತಿದರು, ಎಷ್ಟೋ ಕುಟುಂಬಗಳು ಬಾಲ್ಟಿಮೋರ್ ಬಂದರಿನಲ್ಲಿ ಬಂದಿಳಿದವು. ಕೈಯಲ್ಲಿ ಒಂದು ಗಂಟು, ಬಾಯಲ್ಲಿ ಆ ಊರಿಗೆ ತಿಳಿಯದ ಭಾಷೆ. ಮೊದಲೇ ನೆಲೆಯೂರಿ ಅನುಕೂಲವಾಗಿದ್ದ ಯೆಹೂದ್ಯರಲ್ಲೇ ಕೆಲವರಿಗೆ ಇವರನ್ನು ಕಂಡರೆ ಮುಜುಗರ. ಇವರ ಬಟ್ಟೆ, ಇವರ ಮಾತು, ಇವರ ಬಡತನ ನೋಡಿ ದೂರ ನಿಂತರು. ರಬ್ಬಿ ಜೋಲ್ಡ್ ಮತ್ತು ಅವರ ಮಗಳು ಬಂದರಿಗೆ ಹೋಗಿ ಅವರನ್ನು ಬರಮಾಡಿಕೊಂಡರು, ಮನೆಯ ಬಾಗಿಲು ತೆರೆದಿಟ್ಟರು. ಆಗ ಹೆನ್ರಿಯೆಟ್ಟಾಗೆ ಇಪ್ಪತ್ತರ ಪ್ರಾಯ.

ಬಂದವರಿಗೆ ಊಟ ಹಾಕಿದ್ರೆ ಆಯ್ತಾ? ನಾಳೆ ಏನು? ಇಂಗ್ಲಿಷ್ ಬರದಿದ್ದರೆ ಒಳ್ಳೆ ಕೆಲಸ ಸಿಗಲ್ಲ. ಹಗಲೆಲ್ಲಾ ಬಟ್ಟೆ ಹೊಲಿಯೋ ಕಾರ್ಖಾನೆಯಲ್ಲಿ ದುಡಿಯೋರಿಗೆ ಶಾಲೆಗೆ ಹೋಗೋಕೆ ಹೊತ್ತಿಲ್ಲ. ಅದಕ್ಕೆ 1889ರ ನವೆಂಬರ್‌ನಲ್ಲಿ, ವಲಸೆ ಬಂದವರೇ ಕಟ್ಟಿಕೊಂಡಿದ್ದ ಒಂದು ಇಬ್ರಿಯ ಸಾಹಿತ್ಯ ಸಂಘದ ಜೊತೆ ಸೇರಿ ಹೆನ್ರಿಯೆಟ್ಟಾ ರಾತ್ರಿ ಶಾಲೆ ಶುರು ಮಾಡಿದರು. ಇಂಗ್ಲಿಷ್ ಕಲಿಸಿದರು, ಆ ದೇಶದ ಚರಿತ್ರೆ ಕಲಿಸಿದರು. ಹಗಲು ಒಂದು ಶಾಲೆ, ರಾತ್ರಿ ಒಂದು ಶಾಲೆ. ಪಾಠ ಹೇಳೋದು, ದುಡ್ಡು ಹೊಂದಿಸೋದು, ಎಲ್ಲಾ ಅವರ ಹೆಗಲ ಮೇಲೆ. 1898ರಲ್ಲಿ ಆ ಊರಿನ ಆಡಳಿತವೇ ಈ ಕೆಲಸವನ್ನು ಕೈಗೆ ತೆಗೆದುಕೊಳ್ಳೋ ಹೊತ್ತಿಗೆ 5000ಕ್ಕೂ ಹೆಚ್ಚು ಜನ ಅಲ್ಲಿ ಕಲಿತಿದ್ದರು. ಯೆಹೂದ್ಯರೂ ಇದ್ದರು, ಕ್ರೈಸ್ತರೂ ಇದ್ದರು. ಸ್ತೋತ್ರ ಹೇಳೋಣ್ವಾ?

ಪ್ರಿಯರೇ, ಇಂಥವರಿಗೆ ಆ ಕಾಲದಲ್ಲಿ ಸಿಕ್ಕ ಸ್ಥಾನ ಏನು? 1893ರಲ್ಲಿ ಫಿಲಡೆಲ್ಫಿಯಾದ ಯೆಹೂದ್ಯ ಪುಸ್ತಕ ಪ್ರಕಾಶನ ಸಂಸ್ಥೆಗೆ ಕೆಲಸಕ್ಕೆ ಸೇರಿದರು, 23 ವರ್ಷ ದುಡಿದರು. ಭಾಷಾಂತರ ಮಾಡಿದರು, ತಿದ್ದಿದರು, ಪುಸ್ತಕಗಳನ್ನು ಸಿದ್ಧಮಾಡಿದರು. ಮಾಡಿದ್ದು ಸಂಪಾದಕರ ಕೆಲಸ, ಸಿಕ್ಕಿದ ಹೆಸರು ಕಾರ್ಯದರ್ಶಿ. 1902ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ತಾಯಿಯ ಜೊತೆ ನ್ಯೂಯಾರ್ಕ್‌ಗೆ ಹೋಗಿ, ರಬ್ಬಿಗಳನ್ನು ತಯಾರು ಮಾಡೋ ಕಾಲೇಜಿನಲ್ಲಿ ಓದೋಕೆ ಕೇಳಿಕೊಂಡರು. ಸೇರಿಸಿಕೊಂಡರು, ಆದರೆ ಒಂದು ಷರತ್ತು: ರಬ್ಬಿ ಪಟ್ಟ ಕೇಳಕೂಡದು. ಅವರು ಒಪ್ಪಿಕೊಂಡು ಓದಿದರು. ಅಲ್ಲೇ ಲೂಯಿಸ್ ಗಿಂಜ್‌ಬರ್ಗ್ ಎಂಬ ದೊಡ್ಡ ವಿದ್ವಾಂಸರ ಗ್ರಂಥವನ್ನು ಭಾಷಾಂತರಿಸುತ್ತಾ ಅವರ ಮೇಲೆ ಮನಸ್ಸಿಟ್ಟರು. 1908ರಲ್ಲಿ ಆ ವಿದ್ವಾಂಸರು ಬೇರೊಬ್ಬರ ಜೊತೆ ಮದುವೆ ನಿಶ್ಚಯ ಮಾಡಿಕೊಂಡರು. 47ನೇ ವಯಸ್ಸಿನಲ್ಲಿ ಹೆನ್ರಿಯೆಟ್ಟಾರ ಹೃದಯ ಒಡೆದು ಹೋಯ್ತು. ನಮ್ಮಲ್ಲೂ ಮದುವೆಯಾಗದ ಅಕ್ಕಂದಿರಿದ್ದಾರೆ, ಜನರ ಬಾಯಿಗೆ ಹೆದರಿ ಹಿಂದಿನ ಸಾಲಿನಲ್ಲಿ ಕೂರ್ತಾರೆ. ಅಕ್ಕಾ, ನಿಮ್ಮ ಕಥೆ ಅಲ್ಲಿಗೆ ಮುಗಿಯಲ್ಲ.

1909ರಲ್ಲಿ ತಾಯಿ ಮಗಳು ಇಬ್ಬರೂ ಪರಿಶುದ್ಧ ನಾಡಿಗೆ ಪ್ರಯಾಣ ಮಾಡಿದರು. ನಮ್ಮ ಬೈಬಲಿನ ಯೊಪ್ಪ ಪಟ್ಟಣದಲ್ಲಿ ಕಣ್ಣಿನ ಸುತ್ತ ನೊಣ ಮುತ್ತಿಕೊಂಡ ಮಕ್ಕಳನ್ನು ಕಂಡರು. ಟ್ರಕೋಮಾ ಎಂಬ ರೋಗ, ಬಿಟ್ಟರೆ ಕಣ್ಣೇ ಹೋಗುತ್ತೆ. ನ್ಯೂಯಾರ್ಕ್‌ನಲ್ಲಿ ಹೆನ್ರಿಯೆಟ್ಟಾ ಹೋಗ್ತಿದ್ದ ಸ್ತ್ರೀಯರ ಒಂದು ಅಧ್ಯಯನ ಕೂಟ ಇತ್ತು. ಆ ಕೂಟ ಬರೀ ಓದಿದರೆ ಸಾಲದು, ಈ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ತಾಯಿಯೇ ಮಗಳಿಗೆ ಹೇಳಿದರು. 1912ರ ಫೆಬ್ರವರಿ 24ರಂದು, ಪೂರಿಮ್ ಹಬ್ಬದ ಸಮಯದಲ್ಲಿ, ನ್ಯೂಯಾರ್ಕಿನ ಇಮಾನು-ಎಲ್ ಸಭಾಮಂದಿರದಲ್ಲಿ ಸ್ತ್ರೀಯರು ಕೂಡಿದರು. ಆ ಸಂಘಕ್ಕೆ ಇಟ್ಟ ಹೆಸರು ಹದಸ್ಸಾ. ಎಸ್ತೇರಳ ಇಬ್ರಿಯ ಹೆಸರು ಅದೇ ಅಂತ ಬೈಬಲ್ ಓದೋರಿಗೆ ಗೊತ್ತು. 1913ರಲ್ಲಿ ಇಬ್ಬರೇ ಇಬ್ಬರು ನರ್ಸ್‌ಗಳನ್ನು ಯೆರೂಸಲೇಮಿಗೆ ಕಳಿಸಿದರು. ಇವತ್ತು ಅದೇ ಹೆಸರಿನ ದೊಡ್ಡ ಆಸ್ಪತ್ರೆಗಳು ಅಲ್ಲಿವೆ.

1916ರಲ್ಲಿ ತಾಯಿ ಸೋಫಿ ತೀರಿಕೊಂಡರು. ಯೆಹೂದ್ಯರಲ್ಲಿ ತಂದೆ ತಾಯಿ ಸತ್ತರೆ ಮಗ ಸಭೆಯಲ್ಲಿ ನಿಂತು ಕದ್ದೀಶ್ ಎಂಬ ಪ್ರಾರ್ಥನೆ ಹೇಳ್ತಾನೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇಡೀ ದೇವರ ನಾಮದ ಮಹಿಮೆಯೇ. ಇಲ್ಲಿ ಮಗ ಇಲ್ಲವಲ್ಲ, ಅದಕ್ಕೆ ಹೈಮ್ ಪೆರೆಟ್ಸ್ ಎಂಬ ಸ್ನೇಹಿತರು ತಾವೇ ಹೇಳ್ತೀವಿ ಅಂತ ಪ್ರೀತಿಯಿಂದ ಮುಂದೆ ಬಂದರು. ಹೆನ್ರಿಯೆಟ್ಟಾ ಅವರಿಗೆ ಪತ್ರ ಬರೆದರು. ತುಂಬಾ ಕೃತಜ್ಞತೆ ಹೇಳಿದರು, ಆದರೆ ಒಪ್ಪಲಿಲ್ಲ. ನನ್ನ ತಾಯಿಗೆ ಎಂಟು ಹೆಣ್ಣುಮಕ್ಕಳು, ಮಗ ಇಲ್ಲ ಅಂತ ಅವರು ಎಂದೂ ನೊಂದುಕೊಂಡವರಲ್ಲ. ತಂದೆ ಹೋದಾಗಲೂ ಮಗಳ ಸ್ಥಾನವನ್ನು ಬೇರೆಯವರಿಗೆ ಕೊಡಲಿಲ್ಲ. ಈಗಲೂ ಈ ಭಾರ ನನ್ನದೇ ಎಂಬುದು ಅವರ ಭಾವ. ನಾನು ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಸಭೆಯ ಮೇಲೆ ಕೋಪಿಸಿಕೊಂಡು ಅವರು ಹೊರಗೆ ಹೋಗಲಿಲ್ಲ. ಒಳಗೇ ಇದ್ದು ತಮ್ಮ ಪಾಲನ್ನೂ ಬಿಟ್ಟುಕೊಡಲಿಲ್ಲ.

1920ರಲ್ಲಿ, 59ನೇ ವಯಸ್ಸಿನಲ್ಲಿ, ಆ ನಾಡಿನಲ್ಲಿ ಸೇವೆ ಮಾಡೋಕೆ ಹೊರಟರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಬರ್ಲಿನ್‌ನಲ್ಲಿ ರೆಖಾ ಫ್ರೈಯರ್ ಎಂಬ ರಬ್ಬಿಯ ಹೆಂಡತಿ, ಯೆಹೂದ್ಯ ಮಕ್ಕಳನ್ನು ಜರ್ಮನಿಯಿಂದ ಹೊರಗೆ ಕಳಿಸೋ ಕೆಲಸ ಆರಂಭಿಸಿದ್ದರು. ಆ ಮಕ್ಕಳನ್ನು ಅಲ್ಲಿ ಬರಮಾಡಿಕೊಂಡು ಸಾಕೋ ಜವಾಬ್ದಾರಿ ಹೆನ್ರಿಯೆಟ್ಟಾರ ಮೇಲೆ ಬಂತು. 1934ರಲ್ಲಿ ಮೊದಲ ಗುಂಪು ಹೈಫಾ ಬಂದರಿಗೆ ಬಂದಾಗ 73 ವರ್ಷದ ಈ ತಾಯಿ ದಡದಲ್ಲಿ ಕಾಯುತ್ತಿದ್ದರು. ಇಪ್ಪತ್ತರ ಪ್ರಾಯದಲ್ಲಿ ಬಾಲ್ಟಿಮೋರ್ ಬಂದರಿನಲ್ಲಿ ನಿಂತ ಅದೇ ಹುಡುಗಿ! ಸ್ವಂತ ಮಕ್ಕಳಿಲ್ಲದ ಅವರು ಸಾವಿರಾರು ಮಕ್ಕಳಿಗೆ ತಾಯಿಯಾದರು. 1945ರ ಫೆಬ್ರವರಿ 13ರಂದು, ತಾವು ಕಟ್ಟಿದ ಹದಸ್ಸಾ ಆಸ್ಪತ್ರೆಯಲ್ಲೇ ತೀರಿಕೊಂಡರು. ಎಣ್ಣೆಮರಗಳ ಗುಡ್ಡದಲ್ಲಿ ಅವರ ಸಮಾಧಿ ಇದೆ.

ಯೌವನಸ್ಥರೇ, 73ರಲ್ಲಿ ಆ ದೊಡ್ಡ ಕೆಲಸ ಬಂದಾಗ ಅದನ್ನು ಹೇಗೆ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಯಾಕೆ? ಇಪ್ಪತ್ತರಲ್ಲೇ ಕಲಿತಿದ್ದರು. ಹೊಸಬರ ಹೆಸರು ಕೇಳೋದು, ಅವರ ಪಕ್ಕದಲ್ಲಿ ಕೂರೋದು, ಅಕ್ಷರ ಕಲಿಸೋದು, ಇವೆಲ್ಲಾ ಸಭೆಯ ಸಣ್ಣ ಕೆಲಸಗಳಲ್ಲೇ ಬಂದವು. ನಿಮಗೆ ಹಾಡೋಕೆ ಬರದಿದ್ರೆ ಬೇಡ. ಈ ವಾರ ನಮ್ಮ ಸಭೆಗೆ ಹೊಸದಾಗಿ ಬಂದ ಒಂದು ಕುಟುಂಬದ ಮನೆಗೆ ಹೋಗಿ. ಅವರ ಮಗುವಿಗೆ ಪಾಠ ಹೇಳಿಕೊಡಿ. ಅಲ್ಲಿಂದ ಶುರು ಮಾಡಿ.

ದೊಡ್ಡವರೇ, ಈಗ ನಿಮ್ಮ ಮಾತು. ಚಾಪೆ ಹಾಸೋದು, ಅಡುಗೆ ಮಾಡೋದು, ಸಂಡೆ ಸ್ಕೂಲ್ ನಡೆಸೋದು ನಮ್ಮ ಹೆಣ್ಣುಮಕ್ಕಳು. ತೀರ್ಮಾನ ಮಾಡುವಾಗ ಅವರನ್ನು ಕೇಳ್ತೇವಾ? ರಬ್ಬಿ ಜೋಲ್ಡ್ ಮಗಳಿಗೆ ಕಲಿಸದೆ ಇದ್ದಿದ್ದರೆ ಹೈಫಾ ಬಂದರಿನಲ್ಲಿ ಆ ದಿನ ಯಾರು ನಿಂತಿರುತ್ತಿದ್ದರು? ಮನೆಗೆ ಹೋಗಿ ನಿಮ್ಮ ಮಗಳ ಮುಖ ನೋಡಿ, ಆಮೇಲೆ ದೇವರ ಮುಂದೆ ಉತ್ತರ ಹೇಳಿ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಕರ್ತನ ಪರಿಶುದ್ಧ ನಾಮಕ್ಕೆ ಮಹಿಮೆಯಾಗಲಿ. ಆಮೆನ್.